ಪುಣೆಯಲ್ಲಿ ರೋಣದ ದನಿ

ನೀವು ಪುಣೆಯಲ್ಲಿ ಬೆಳೆದವರು. ಮನೆಯಲ್ಲಿ ಅಮ್ಮನೊಡನೆ ಕನ್ನಡ, ಗೆಳೆಯರೊಡನೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. "ಹಾಗಾದರೆ ನಾವು ಯಾವ ಕಡೆಯವರು?" ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಒಂದು ಭಾನುವಾರ ಬಿಡುವು ಮಾಡಿಕೊಂಡು ಪೇಟೆಗಳ ಕಡೆ ಸುತ್ತಾಡಿ ಬನ್ನಿ.

ಮೊದಲು ಶನಿವಾರ ಪೇಟೆಯ ರಮಣಬಾಗ್ ಶಾಲೆ. 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಸಂಗೀತೋತ್ಸವ ಎಷ್ಟೋ ವರ್ಷ ಇಲ್ಲಿಯ ಮೈದಾನದಲ್ಲಿ ನಡೆಯಿತು. ಆಮೇಲೆ ಮುಕುಂದನಗರಕ್ಕೆ ಹೋಯಿತು. ಪುಣೆಕರರಿಗೆ 'ಸವಾಯಿ' ಎಂದರೆ ಡಿಸೆಂಬರಿನ ಚಳಿ, ಹೊದೆಯಲು ಶಾಲು, ಥರ್ಮಾಸಿನಲ್ಲಿ ಚಹಾ. ಆದರೆ ಆ ಸವಾಯಿ ಗಂಧರ್ವರು ಯಾರು? ನಮ್ಮ ಕುಂದಗೋಳದ ರಾಮಭಾವು! ಮರಾಠಿ ನಾಟಕಗಳಲ್ಲಿ ಹಾಡಿ ಹೆಸರಾದವರು. ಅವರು 1952ರಲ್ಲಿ ತೀರಿಕೊಂಡ ಮೇಲೆ ಗುರುವಿನ ನೆನಪಿಗೆ ಈ ಉತ್ಸವವನ್ನು ಕಟ್ಟಿ ಬೆಳೆಸಿದವರು ಶಿಷ್ಯ ಭೀಮಸೇನ ಜೋಶಿ.

ಭೀಮಸೇನರು ಹುಟ್ಟಿದ್ದು 1922ರಲ್ಲಿ, ಗದಗ ಸೀಮೆಯ ರೋಣದಲ್ಲಿ. ತಂದೆ ಶಾಲಾ ಮಾಸ್ತರರು. ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡು ಕೇಳಿ ಹುಚ್ಚು ಹಿಡಿದ ಹುಡುಗ, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ. ಟಿಕೆಟ್ಟಿಲ್ಲದೆ ರೈಲು ಹತ್ತಿ ಗ್ವಾಲಿಯರ್, ರಾಂಪುರ, ಜಾಲಂಧರ ಎಂದು ಉತ್ತರವನ್ನೆಲ್ಲ ಸುತ್ತಿದ. (ನೀವು ಹೀಗೆ ಮಾಡಬೇಡಿ, ನಿಮ್ಮ ಅಮ್ಮಂದಿರು ನನ್ನನ್ನು ಬಿಡುವುದಿಲ್ಲ.) ಕೊನೆಗೆ ಗುರು ಸಿಕ್ಕಿದ್ದು ಊರಿಗೆ ಹತ್ತಿರದ ಕುಂದಗೋಳದಲ್ಲೇ. ಗುರುಮನೆಗೆ ಕೊಡ ಹೊತ್ತು ನೀರು ತಂದೇ ಹಾಡು ಕಲಿತರು.

ಮುಂದೆ ಪುಣೆಯೇ ಅವರ ಮನೆಯಾಯಿತು. 2008ರಲ್ಲಿ ಭಾರತ ರತ್ನ ಬಂದಾಗಲೂ, 2011ರ ಜನವರಿ 24ರಂದು ಕಣ್ಣು ಮುಚ್ಚಿದಾಗಲೂ ಇಲ್ಲೇ. ದೇಶವೆಲ್ಲ ಖಯಾಲಿಗೆ ಕೈಜೋಡಿಸಿತು. ಆದರೆ ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಖಯಾಲಿನ ಜೊತೆಗೆ ಎರಡು ನುಡಿಗಳ ಭಕ್ತಿಪದಗಳನ್ನೂ ಅಷ್ಟೇ ಶ್ರದ್ಧೆಯಿಂದ ಹಾಡಿದ್ದರಲ್ಲಿ. 'ಸಂತವಾಣಿ'ಯಲ್ಲಿ ಮರಾಠಿ ಅಭಂಗ, 'ದಾಸವಾಣಿ'ಯಲ್ಲಿ ಪುರಂದರದಾಸರು. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕನ್ನಡವೇ ಬಾರದ ಸದಾಶಿವ ಪೇಟೆಯ ಅಜ್ಜಿಯರಿಗೂ ಬಂತು. ಅದು ಯಾವ ಭಾಷಣದಿಂದಲೂ ಆಗದ ಕೆಲಸ.

ಈಗ ಭವಾನಿ ಪೇಟೆಯ ಪಾಲ್ಖಿ ವಿಠೋಬಾ ಗುಡಿಗೆ ನಡೆಯಿರಿ. ಆಳಂದಿಯಿಂದ ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲ್ಖಿ ಪ್ರತಿ ವರ್ಷ ತಂಗುವುದು ಇಲ್ಲಿ. ತುಕಾರಾಮರದು ನಾನಾ ಪೇಟೆಯಲ್ಲಿ. ಆ ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಕರೆದಿದ್ದಾರೆ. ಪುರಂದರದಾಸರ ಅಂಕಿತದಲ್ಲೂ ಅವನೇ ವಿಠಲ. ಹಾಗಾಗಿ ಅಭಂಗದಿಂದ ದೇವರನಾಮಕ್ಕೆ ಹೋಗುವಾಗ ಭೀಮಸೇನರು ದೇವರನ್ನು ಬದಲಿಸಬೇಕಾಗಿರಲಿಲ್ಲ, ಮಾತನ್ನಷ್ಟೇ ಬದಲಿಸಿದರು.

ಕನ್ನಡ ಓದಲು ಬಾರದಿದ್ದರೆ ದಾಸವಾಣಿಯಿಂದ ಶುರುಮಾಡಿ. ಉಚ್ಚಾರ ಸ್ಪಷ್ಟ; ಅರ್ಥವಾಗದ ಪದವನ್ನು ಅಜ್ಜಿಗೆ ಕೇಳಿ, ಆಕೆಗೂ ಸಂತೋಷ. ಡಿಸೆಂಬರಿನಲ್ಲಿ ಸವಾಯಿಗೆ ಹೋದರೆ ಕೊನೆಯ ದಿನ ಚಪ್ಪಲಿ ಹುಡುಕುವ ಅವಸರ ಬೇಡ. ಕುಂದಗೋಳದ ರಾಮಭಾವು ಅವರ ಹಳೆಯ ಧ್ವನಿಮುದ್ರಿಕೆಯನ್ನು ಹಾಕಿಯೇ ಉತ್ಸವ ಮುಗಿಸುವುದು ಅಲ್ಲಿಯ ವಾಡಿಕೆ.