ಮಿರಗಕ್ಕೆ ಮುಂಚಿನ ತೊಗರಿ

ಕಲಬುರಗಿ ಜಿಲ್ಲೆಯ ಅಫಜಲಪುರದ ಎರೆಹೊಲದಲ್ಲಿ ತೊಗರಿ ಬಿತ್ತುವ ದಿನವನ್ನು ಗೊತ್ತುಮಾಡುವುದು ರೈತನಲ್ಲ, ಮಳೆ. ಜೂನ್ ಮೊದಲ ವಾರ ಕಳೆದು ಮಿರಗ (ಮೃಗಶಿರ) ಕೂಡಿದಾಗ ಒಂದು ಹದ ಮಳೆ ಬಿದ್ದರೆ ಕೂರಿಗೆ ಹೊರಬೀಳುತ್ತದೆ. ಬೀಳದಿದ್ದರೆ ಆರಿದ್ರೆ, ಅದೂ ಕೈಕೊಟ್ಟರೆ ಪುನರ್ವಸು, ಪುಷ್ಯ ಎನ್ನುತ್ತ ಜುಲೈ ಮುಗಿಯುತ್ತ ಬರುತ್ತದೆ. ಬಿತ್ತಿಗೆ ತಡವಾದಾಗ ಎಲ್ಲರೂ ಮರುಗುವುದು ಬಾರದ ಮಳೆಗಾಗಿ. ಆದರೆ ಮಳೆ ಆಮೇಲಾದರೂ ಬರಬಹುದು, ಬೇಡವೆಂದರೂ ಬರಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಈ ತಾಲ್ಲೂಕಿನ ನದಿದಂಡೆಯ ಹೊಲಗಳನ್ನು ಮುಳುಗಿಸಿದ್ದು ಎಲ್ಲರಿಗೂ ನೆನಪಿದೆ. ಒಮ್ಮೆ ಹೋದರೆ ಆ ವರ್ಷಕ್ಕೆ ಮತ್ತೆ ಬಾರದ್ದು ಜೂನ್ ತಿಂಗಳ ಉದ್ದನೆಯ ಹಗಲು. ತೊಗರಿಯ ಮಟ್ಟಿಗೆ ಅದೇ ದೊಡ್ಡ ನಷ್ಟ. ಮೇ ತಿಂಗಳಲ್ಲಿಯೇ ಮನೆಯ ಮಗ್ಗುಲಿನ ನೆರಳಿನಲ್ಲಿ, ಚೀಲದ ಮಣ್ಣಿನಲ್ಲಿ ಸಸಿ ಎಬ್ಬಿಸಿ, ಮಳೆ ಬಿದ್ದ ಮೇಲೆ ಹೊಲಕ್ಕೆ ಹಚ್ಚುವ ಪದ್ಧತಿ ಈ ನಷ್ಟವನ್ನು ತುಂಬಿಕೊಡಬಲ್ಲದು. ಬೀದರ ಕಡೆಯ ರೈತರು ಇದನ್ನು ಮೊದಲು ಹಿಡಿದರು. ರಾಯಚೂರು ಕೃಷಿ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳು ಇದನ್ನು ಹೇಳುತ್ತ ಬಂದಿವೆ. ಆದರೂ ಅಫಜಲಪುರ, ಆಳಂದ, ಜೇವರ್ಗಿಯ ಬಹುಪಾಲು ಹೊಲಗಳಲ್ಲಿ ಇಂದಿಗೂ ನಡೆಯುವುದು ಕೂರಿಗೆಯೇ. ಅದು ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ ಎಂಬುದು ನನ್ನ ವಾದ.

ಮೊದಲು ಹಗಲಿನ ಮಾತು. ಗಿಡ ಹೂ ಬಿಡುವುದಕ್ಕೂ ಹಗಲಿನ ಉದ್ದಕ್ಕೂ ನಂಟಿದೆ ಎಂದು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿ ತೋರಿಸಿಕೊಟ್ಟರು. ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ತಳಿ ಬೇಸಿಗೆಯ ಹೊಲದಲ್ಲಿ ಹೂವಿಲ್ಲದೆ ಬೆಳೆಯುತ್ತಲೇ ಹೋಗುತ್ತಿತ್ತು. ಚಳಿಗಾಲದ ಗಾಜಿನಮನೆಯಲ್ಲಿ ಮಾತ್ರ ಹೂ ಬಿಡುತ್ತಿತ್ತು. ಇಂಥ ಗಿಡಗಳಿಗೆ ವಯಸ್ಸಾಯಿತು ಎನ್ನುವುದಕ್ಕಿಂತ ಹಗಲು ಗಿಡ್ಡವಾಯಿತು ಎನ್ನುವುದೇ ಹೂ ಬಿಡಲು ಸೂಚನೆ. ತೊಗರಿಯ ಹೆಚ್ಚಿನ ತಳಿಗಳು ಇದೇ ಜಾತಿಗೆ ಸೇರಿದವು. ಗಾಂಜಾ ಗಿಡದ ಸ್ವಭಾವವೂ ಇದೇ. ಕಿಟಕಿ ಮುಚ್ಚಿದ ಕೋಣೆಯೊಳಗೆ, ದೀಪದ ಬೆಳಕಿನಲ್ಲಿ ಅದನ್ನು ಬೆಳೆಯುವವರು ಆಡುವುದೆಲ್ಲ ಈ ಹಗಲು ರಾತ್ರಿಯ ಆಟವನ್ನೇ. ಕೋಣೆಯಲ್ಲಿ ದೀಪ ಉರಿಸಿ ಹಗಲನ್ನು ಬೇಕಾದಷ್ಟು ಹಿಗ್ಗಿಸಬಹುದು. ಹೊಲದಲ್ಲಿ ಅದಾಗದು. ಅಫಜಲಪುರ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ಕೊನೆಯ ಹಗಲು 13 ತಾಸಿನಷ್ಟು, ಡಿಸೆಂಬರ್ ಕೊನೆಯದು 11 ತಾಸಿನಷ್ಟು. ಈ ಎರಡು ತಾಸಿನ ಅಂತರ ರೈತನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಒಂದೇ, ಬೀಜ ಮೊಳೆಯುವ ದಿನ.

ಮೊಳೆಯುವ ದಿನ ಹಿಂದೆ ಮುಂದೆ ಆದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಲು ಪ್ರಯೋಗಶಾಲೆಗೇ ಹೋಗಬೇಕಿಲ್ಲ. ಸೆಪ್ಟೆಂಬರಿನಲ್ಲಿ ಬಿತ್ತಿದ ಹಿಂಗಾರಿ ತೊಗರಿಯನ್ನು ನೋಡಿದರೆ ಸಾಕು. ಹಗಲು ಆಗಲೇ ಇಳಿಮುಖವಾಗಿರುವುದರಿಂದ ಗಿಡ ಮೈ ಕಟ್ಟುವ ಮೊದಲೇ ಹೂವಿಗೆ ಬರುತ್ತದೆ, ಗಿಡ್ಡಗೆ ಉಳಿಯುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಬಿತ್ತಿ, ಒಂದು ಗಿಡದಿಂದ ಕಳೆದುಕೊಂಡದ್ದನ್ನು ಗಿಡಗಳ ಸಂಖ್ಯೆಯಿಂದ ಗಳಿಸಬೇಕಾಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಬದುವಿನ ಮೇಲೆ, ತಿಪ್ಪೆಯ ಅಂಚಿಗೆ ತಾನಾಗಿ ಎದ್ದ ಒಂಟಿ ತೊಗರಿ. ಬೇಸಿಗೆಯ ಅಡ್ಡ ಮಳೆಗೆ ಮೊಳೆತು, ಎಡಬಲದಲ್ಲಿ ಪೈಪೋಟಿಗೆ ಗಿಡವಿಲ್ಲದೆ ಬೆಳೆದ ಅದು ಬುಡದಿಂದಲೇ ಕವಲೊಡೆದು ಮರದಂತೆ ಹರಡುತ್ತದೆ. ತೊಗರಿ ಮೂಲದಲ್ಲಿ ಬಹುವಾರ್ಷಿಕ ಗಿಡ. ನಾವು ಅದನ್ನು ವರ್ಷದ ಬೆಳೆಯಾಗಿ ಪಳಗಿಸಿಕೊಂಡಿದ್ದೇವೆ. ಜುಲೈ ಮಧ್ಯದಲ್ಲಿ ಒತ್ತಾಗಿ ಬಿತ್ತಿದ ತೊಗರಿಗೆ ತನ್ನ ಸ್ವಭಾವ ತೋರಿಸಲು ಕಾಲವೂ ಸಿಗುವುದಿಲ್ಲ, ಜಾಗವೂ ಸಿಗುವುದಿಲ್ಲ. ನಾಟಿ ಪದ್ಧತಿ ಎರಡನ್ನೂ ಕೊಡುತ್ತದೆ.

ಇದರ ಖರ್ಚನ್ನು ಲೆಕ್ಕ ಹಾಕಿ ನೋಡೋಣ. ಸಾಲಿನಿಂದ ಸಾಲಿಗೆ ಐದಡಿ, ಗಿಡದಿಂದ ಗಿಡಕ್ಕೆ ಮೂರಡಿ ಇಟ್ಟರೆ ಎಕರೆಗೆ ಸುಮಾರು 2,900 ಗಿಡ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಚೀಲಕ್ಕೆ ಎರಡು ಕಾಳು ಹಾಕಿದರೂ ಬೇಕಾಗುವುದು ಆರು ನೂರು ಗ್ರಾಮಿನಷ್ಟು ಬೀಜ. ಕೂರಿಗೆಗೆ ಎಕರೆಗೆ ಐದು ಕಿಲೋದಷ್ಟು ಬೇಕು. ತುಂಬಿದ ಚೀಲವೊಂದು ಅರ್ಧ ಕಿಲೋ ತೂಗುತ್ತದೆ ಎಂದು ಹಿಡಿದರೆ ಒಟ್ಟು ಮಣ್ಣು ಒಂದೂವರೆ ಟನ್. ಚೀಲಗಳನ್ನು ಒತ್ತಿ ನಿಲ್ಲಿಸಿದರೆ ನೂರೈವತ್ತು ಚದರಡಿಯೊಳಗೆ ಒಂದೆಕರೆಯ ಬೆಳೆಯೇ ಕೂರುತ್ತದೆ; ದನದ ಕೊಟ್ಟಿಗೆಯ ಪಕ್ಕ ನಾಲ್ಕು ಗೂಟ ನೆಟ್ಟು ನೆರಳು ಬಲೆ ಎಳೆಯುವಷ್ಟು ಜಾಗ. ದಿನ ಬಿಟ್ಟು ದಿನ ಚೀಲಕ್ಕೆ ನೂರು ಮಿಲಿಲೀಟರ್ ನೀರು ಹಾಕಿದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಲೀಟರ್ ಸಾಕು, ಅಂದರೆ ಒಂದು ಟ್ಯಾಂಕರಿನೊಳಗೆ ಮುಗಿಯಿತು. ಅದೇ ಎಕರೆ ಹೊಲಕ್ಕೆ ಒಂದೇ ಒಂದು ಇಂಚು ನೀರು ಹಾಯಿಸಲು ಲಕ್ಷ ಲೀಟರಿಗೂ ಹೆಚ್ಚು ಬೇಕು. ಮೇ ತಿಂಗಳ ಬಿಸಿಲಿನಲ್ಲಿ ಬೋರ್‌ವೆಲ್ ಬತ್ತಿದ ಊರಿಗೂ ಒಂದು ಟ್ಯಾಂಕರ್ ನೀರು ಎಟುಕುವ ಮಾತು. ಇನ್ನು ಫಲದ ಕಡೆ. ದೇಶದ ತೊಗರಿಯ ಸರಾಸರಿ ಇಳುವರಿ ದಶಕಗಳಿಂದ ಹೆಕ್ಟೇರಿಗೆ ಎಂಟು ಕ್ವಿಂಟಲ್ ಆಸುಪಾಸಿನಲ್ಲೇ ಇದೆ, ಎಕರೆಗೆ ಮೂರಕ್ಕಿಂತ ತುಸು ಮೇಲೆ. ಅದನ್ನು ಸರಿಗಟ್ಟಲು ನಾಟಿ ಗಿಡವೊಂದು 110 ಗ್ರಾಂ ಕಾಳು ಕೊಟ್ಟರೆ ಸಾಕು. ಹರಡಿ ಬೆಳೆದ ಗಿಡ ಕಾಲು ಕಿಲೋ ಕೊಟ್ಟರೆ ಏಳು ಕ್ವಿಂಟಲ್.

ಚೀಲದೊಳಗಿನ ಮಣ್ಣಿನ ವಿಷಯದಲ್ಲಿ ಮಾತ್ರ ಉಡಾಫೆ ಸಲ್ಲದು. ಹೊಲದ ಎರೆಯನ್ನೇ ತುಂಬಿದರೆ ನೀರು ಹಾಕಿದಾಗ ರಾಡಿ, ಒಣಗಿದಾಗ ಇಟ್ಟಿಗೆ. ಎಳೆ ಬೇರಿಗೆ ಉಸಿರೇ ಇರುವುದಿಲ್ಲ. ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ ಸಡಿಲ ಮಾಡಬೇಕು, ಚೀಲದ ಬುಡಕ್ಕೆ ತೂತು ಇರಬೇಕು. ಹಸಿ ಗೊಬ್ಬರ ಹಾಕಿದರೆ ಅದರ ಕಾವಿಗೆ ಸಸಿ ಸುಡುತ್ತದೆ. ಹಿಂದಿನ ವರ್ಷ ನೆಟೆ ರೋಗ ಬಿದ್ದ ಹೊಲದ ಮಣ್ಣನ್ನು ಚೀಲಕ್ಕೆ ತರಲೇಬಾರದು. ನೆಟೆ ತರುವ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅಂಥ ಮಣ್ಣನ್ನು ಚೀಲಕ್ಕೆ ತುಂಬಿದರೆ ರೋಗವನ್ನು ಒಂದು ಹೊಲದಿಂದ ಇನ್ನೊಂದಕ್ಕೆ ನಾವೇ ಹೊತ್ತು ಹಾಕಿದಂತೆ. ಈ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾವನ್ನು ಬೀಜಕ್ಕೆ ಲೇಪಿಸುವುದು ಕೂರಿಗೆಯ ಬಿತ್ತಿಗೆಗಿಂತ ಇಲ್ಲಿ ಸಲೀಸು, ಬೀಜ ಅಷ್ಟು ಕಡಿಮೆ. ಕೊನೆಯ ವಾರ ನೆರಳನ್ನು ದಿನದಿನಕ್ಕೆ ಸರಿಸಿ ಸಸಿಯನ್ನು ಬಿಸಿಲಿಗೆ ಒಗ್ಗಿಸಬೇಕು. ನೆರಳಿನಲ್ಲಿ ಸೊರಗಿ ಉದ್ದವಾದ ಸಸಿಯನ್ನು ನೇರ ಹೊಲಕ್ಕೆ ಒಯ್ದರೆ ಎರಡೇ ದಿನದಲ್ಲಿ ಬಾಗುತ್ತದೆ.

ಈಗ ಆಕ್ಷೇಪಗಳು. ತೊಗರಿ ತಾಯಿಬೇರಿನ ಗಿಡ, ಅದನ್ನು ಕಿತ್ತು ನೆಡಬಾರದು ಎಂಬುದು ಹಿರಿಯರ ಮೊದಲ ಮಾತು. ಮೆಣಸಿನಕಾಯಿ, ಬದನೆಯ ಅಗಿಯನ್ನು ಮಡಿಯಿಂದ ಕಿತ್ತು ಹಚ್ಚುವಂತೆ ತೊಗರಿಯನ್ನೂ ಕಿತ್ತರೆ ಅವರ ಮಾತು ನಿಜವಾಗುತ್ತದೆ. ಆದರೆ ಚೀಲ ಇರುವುದೇ ಕೀಳದಿರಲಿಕ್ಕೆ. ಚೀಲ ಸೀಳಿ ಮಣ್ಣಿನ ಹೆಂಟೆ ಒಡೆಯದಂತೆ ಕುಣಿಗೆ ಇಳಿಸಿದರೆ ಬೇರಿಗೆ ಜಾಗ ಬದಲಾದದ್ದು ತಿಳಿಯುವುದೇ ಇಲ್ಲ. ಅಪಾಯವಿರುವುದು ಮಳೆಗೆ ಕಾಯುತ್ತ ಸಸಿಯನ್ನು ಚೀಲದಲ್ಲೇ ಬಹಳ ದಿನ ಇಟ್ಟಾಗ. ನಾಲ್ಕರಿಂದ ಆರು ವಾರ ದಾಟಿದರೆ ತಾಯಿಬೇರು ಬುಡದಲ್ಲಿ ಸುರುಳಿ ಸುತ್ತುತ್ತದೆ. ಅಂಥ ಗಿಡ ಆಮೇಲೆ ಆಳಕ್ಕೆ ಇಳಿಯದು. ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಗಿಡ ದೊಡ್ಡದಾದಷ್ಟೂ ನೀರು ಹೆಚ್ಚು ಬೇಡುತ್ತದೆ, ಅಕ್ಟೋಬರಿನ ಮಳೆ ಕೈಕೊಟ್ಟರೆ ದೊಡ್ಡ ಗಿಡವೇ ಮೊದಲು ಬಾಡುತ್ತದೆ ಎಂಬುದು. ಎಳ್ಳಮವಾಸೆಗೆ ಚರಗ ಚೆಲ್ಲುವ ಹೊತ್ತಿಗೆ ಕಾಯಿ ತುಂಬಿರಬೇಕು. ತೇವ ಅಲ್ಲಿಯತನಕ ಉಳಿದಿರಬೇಕು. ಮಣ್ಣಿನ ಆಳ ತೆಳುವಾಗಿದ್ದಲ್ಲಿ, ಆಪತ್ತಿಗೆ ಒಂದು ನೀರು ಕೊಡಲು ದಾರಿಯಿಲ್ಲದಲ್ಲಿ ಈ ಆಕ್ಷೇಪ ಸರಿಯೇ. ಅಂಥ ಹೊಲಕ್ಕೆ ಕಲಬುರಗಿ ಸಂಶೋಧನಾ ಕೇಂದ್ರದಿಂದ ಬಂದ, ಬೇಗ ಕೊಯ್ಲಿಗೆ ಬರುವ ಟಿಎಸ್-3ಆರ್‌ನಂಥ ತಳಿಯನ್ನು ಕೂರಿಗೆಯಲ್ಲಿ ಬಿತ್ತುವುದೇ ಜಾಣತನ. ನಾಟಿ ತಕ್ಕದ್ದು ಆಳವಾದ ಎರೆಗೆ, ಬಿಎಸ್‌ಎಂಆರ್-736ರಂಥ ತಡವಾಗಿ ಕೊಯ್ಲಿಗೆ ಬರುವ ತಳಿಗೆ, ಬಾವಿಯೋ ಕೃಷಿಹೊಂಡವೋ ಇರುವ ಹೊಲಕ್ಕೆ.

ಆಳಿನ ಮಾತನ್ನು ತಳ್ಳಿಹಾಕುವಂತಿಲ್ಲ. ಕೂರಿಗೆ ಅರ್ಧ ದಿನದಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಚೀಲ ತುಂಬಬೇಕು, ನೀರು ಹಾಕಬೇಕು, ಕುಣಿ ತೋಡಬೇಕು, ಹೊತ್ತು ಹಚ್ಚಬೇಕು. ಮೂರು ವಾರದ ಮೇಲೆ ಕುಡಿ ಚಿವುಟಬೇಕು. ಆದರೆ ಇದರಲ್ಲಿ ಹೆಚ್ಚಿನ ಕೆಲಸ ಬೀಳುವುದು ಮೇ ತಿಂಗಳಲ್ಲಿ, ಹೊಲದಲ್ಲಿ ಕೆಲಸವಿಲ್ಲದೆ ಜನ ಪುಣೆ, ಮುಂಬೈ, ಹೈದರಾಬಾದಿನ ದಾರಿ ಹಿಡಿಯುವ ದಿನಗಳಲ್ಲಿ. ಊರಿನ ಮಹಿಳಾ ಸಂಘವೊಂದು ಸಸಿ ಬೆಳೆಸಿ ಮಾರಿದರೆ ರೈತನಿಗೆ ಖರ್ಚಾದದ್ದು ಅದೇ ಊರಿನಲ್ಲಿ ಕೂಲಿಯಾಗಿ ಉಳಿಯುತ್ತದೆ. ಇಂಥ ಗಿಡದ ಪೊದೆಗೆ ಕೊಯ್ಲಿನ ಯಂತ್ರ ಒಗ್ಗುವುದಿಲ್ಲ ಎನ್ನುವುದೂ ನಿಜ. ಐವತ್ತು ಎಕರೆಯವನಿಗೆ ಅದು ದೊಡ್ಡ ತೊಡಕು, ಮೂರು ಎಕರೆಯವನಿಗೆ ಅಲ್ಲ. ಪ್ಲಾಸ್ಟಿಕ್ ಚೀಲ ಹೊಲದಲ್ಲಿ ಉಳಿಯುತ್ತದೆ ಎಂಬ ದೂರಿಗೆ ನನ್ನಲ್ಲಿ ಸಮಾಧಾನವಿಲ್ಲ. ಸೀಳಿದ ಚೀಲಗಳನ್ನು ಎಣಿಸಿ ವಾಪಸ್ ತರುವ ಕಟ್ಟುನಿಟ್ಟು ಇಲ್ಲದಿದ್ದರೆ ಈ ಪದ್ಧತಿ ಎರೆಮಣ್ಣಿಗೆ ಮಾಡುವ ಕೇಡು ಅದರ ಲಾಭವನ್ನು ನುಂಗುತ್ತದೆ.

ಕೊನೆಯ ಆಕ್ಷೇಪ ಪೇಟೆಯದು. ಹೆಚ್ಚು ಬೆಳೆದರೆ ಬೆಲೆ ಬೀಳುತ್ತದೆ, ಮತ್ತೆ ಶ್ರಮ ಯಾಕೆ ಎಂಬ ಪ್ರಶ್ನೆ. 2016-17ರಲ್ಲಿ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದಾಗಲೂ ಪೇಟೆಯ ಬೆಲೆ ಅದಕ್ಕಿಂತ ಕೆಳಗಿಳಿದಿತ್ತು. ಮೊಜಾಂಬಿಕ್, ಮ್ಯಾನ್ಮಾರ್ ತೊಗರಿ ಬಂದರಿಗೆ ಬಂದಿಳಿಯುವುದು ನಿಂತಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದರೂ ಕಣದಲ್ಲಿ ನಿಂತ ರೈತನಿಗೆ ಸಿಗುವ ಬೆಲೆ ಅದರಿಂದ ನಿರ್ಧಾರವಾಗುತ್ತಿಲ್ಲ. ನಾಟಿಯ ನಿಜವಾದ ಲಾಭ ಕಾಣಬೇಕಾದದ್ದು ಇಲ್ಲಿಯೇ ಎನ್ನುತ್ತೇನೆ. ಅದು ತೊಗರಿಯನ್ನು ಹೆಚ್ಚು ಬೆಳೆಯುವ ಉಪಾಯವಲ್ಲ. ಕಡಿಮೆ ನೆಲದಲ್ಲಿ ಬೆಳೆಯುವ ಉಪಾಯ. ಎರಡೆಕರೆ ಕೊಡುವುದನ್ನು ಒಂದೆಕರೆ ಕೊಟ್ಟರೆ ಉಳಿದ ಎಕರೆ ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಮರಳುತ್ತದೆ. ಐದಡಿಯ ಸಾಲಿನ ನಡುವೆ ಹೆಸರೋ ಉದ್ದೋ ಬಂದು ಹೋಗುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಈ ಜಿಲ್ಲೆಯ ತೊಗರಿ ಹೊಲಗಳು ನಿಂತಲ್ಲೇ ಒಣಗಿದಾಗ ಸರ್ಕಾರ ಪರಿಹಾರ ಕೊಡಬೇಕಾಯಿತು. ಒಂದೇ ನೆಲಕ್ಕೆ ವರ್ಷ ವರ್ಷವೂ ತೊಗರಿಯನ್ನೇ ಬಿತ್ತಿ ಶಿಲೀಂಧ್ರವನ್ನು ಸಾಕಿದರೆ ಯಾವ ಪರಿಹಾರವೂ ಸಾಲದು. ಬೆಳೆ ಬದಲಿಸಬೇಕಾದರೆ ನೆಲ ಬಿಡುವಾಗಬೇಕು. ನಾಟಿ ಆ ಬಿಡುವನ್ನು ಕೊಡುತ್ತದೆ.

ಆದ್ದರಿಂದ ಇಡೀ ಹೊಲವನ್ನು ನಾಟಿಗೆ ಒಡ್ಡಿ ಎಂದು ಯಾರಿಗೂ ಹೇಳಲಾರೆ. ಆಳವಾದ ಎರೆ ಇರುವ, ಆಪತ್ತಿಗೆ ಒಂದು ನೀರು ಕೊಡಬಲ್ಲ ಒಂದೆಕರೆಯನ್ನು ಆರಿಸಿ, ಮೇ ಎರಡನೆಯ ವಾರದೊಳಗೆ ಚೀಲ ತುಂಬಿ, ಉಳಿದ ಹೊಲಕ್ಕೆ ಎಂದಿನಂತೆ ಕೂರಿಗೆ ಹೂಡಿ. ರಾಶಿಯ ದಿನ ಎರಡನ್ನೂ ಬೇರೆ ಬೇರೆ ತೂಗಿ, ಆಳಿನ ಖರ್ಚು ಕಳೆದು ನೋಡಿ. ಮುಂದಿನ ವರ್ಷ ಎಷ್ಟು ಎಕರೆ ಎಂಬುದನ್ನು ಆ ತೂಕವೇ ತೀರ್ಮಾನಿಸಲಿ.