ಒಂದೇ ವಿಳಾಸ, ಇಬ್ಬರು ಒಡೆಯರು

ಒಂದೇ ಹೆಸರಿನವರಿಬ್ಬರು ಒಂದೇ ತರಗತಿಯಲ್ಲಿದ್ದರೆ ಆಗುವ ಪಾಡು ಅನುಭವಿಸಿದವನಿಗೇ ಗೊತ್ತು. ಉಪನ್ಯಾಸಕರು ಹಾಜರಿ ಕರೆದಾಗ ಇಬ್ಬರೂ ಒಟ್ಟಿಗೆ ‘ಪ್ರೆಸೆಂಟ್ ಸಾರ್’ ಎನ್ನುವುದು, ಉಳಿದವರು ನಗುವುದು, ಇವೆಲ್ಲ ಮೊದಲ ವಾರದ ವಿನೋದ. ನನ್ನ ಪಾಲಿಗೆ ಆ ವಿನೋದ ಬಹುಕಾಲ ಉಳಿಯಲಿಲ್ಲ. ಕಳೆದ ವರ್ಷ ದಸರಾ ರಜೆಯಲ್ಲಿ ನನಗೊಂದು ಸಂದರ್ಶನದ ಪತ್ರ ಅಂಚೆಯಲ್ಲಿ ಬಂದಿತು. ಹಾಸ್ಟೆಲಿನಲ್ಲಿ ಅದನ್ನು ನನ್ನ ಹೆಸರಿನವನ ಕೋಣೆಯ ಬಾಗಿಲಡಿ ತೂರಿಸಿದರು. ಆ ಪುಣ್ಯಾತ್ಮ ಊರಿಗೆ ಹೋಗಿದ್ದ. ಅವನು ಮರಳಿ ಬಂದು ಪತ್ರವನ್ನು ನನ್ನ ಕೈಗಿಡುವ ಹೊತ್ತಿಗೆ ಸಂದರ್ಶನ ಮುಗಿದು ನಾಲ್ಕು ದಿನವಾಗಿತ್ತು. ಸಂಜೆಯ ಹೊತ್ತು ಮಾಡಬಹುದಾಗಿದ್ದ ಸಣ್ಣ ಕೆಲಸ. ಆದರೂ ಅದರ ಸಂಬಳದಿಂದ ಅಪ್ಪನ ಹೊರೆ ಅಷ್ಟಾದರೂ ಇಳಿಯುತ್ತಿತ್ತು. ಅಂದಿನಿಂದ ನಾನು ಅವನೊಡನೆ ಮಾತು ಬಿಟ್ಟೆ.

ಹೀಗಿರಲಾಗಿ, ಈ ವರ್ಷ ವಿದ್ಯಾರ್ಥಿವೇತನದ ಅರ್ಜಿಯ ಕಾಲ ಬಂದಿತು. ಕೊನೆಯ ದಿನಕ್ಕೆ ಇನ್ನು ಮೂರೇ ದಿನ. ಕಾಲೇಜಿನ ಕಂಪ್ಯೂಟರ್ ಕೋಣೆಯೇ ನನಗೆ ಗತಿ. ಬೆಳಗ್ಗೆ ಒಂಬತ್ತೂವರೆಗೆ ಹೋಗಿ ಮೂಲೆಯ ಯಂತ್ರದ ಮುಂದೆ ಕುಳಿತರೆ ಒಂದು ಗಂಟೆ ಎಲ್ಲವೂ ಸರಾಗ. ಹತ್ತೂವರೆ ದಾಟಿತೋ, ತುಂಬಿದ ಪುಟ ಅರ್ಧದಲ್ಲಿಯೇ ನಿಲ್ಲುವುದು. ಇದೇ ಜಾಲದಲ್ಲಿ ಇನ್ನೊಂದು ಯಂತ್ರಕ್ಕೂ ಇದೇ ಐ.ಪಿ. ವಿಳಾಸವಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡುವುದು. ಎರಡು ದಿನವೂ ಹೀಗೆಯೇ ಆಯಿತು. ಬೇರೆ ಯಂತ್ರ ಹಿಡಿಯೋಣವೆಂದರೆ ಒಂದೂ ಖಾಲಿಯಿಲ್ಲ.

ಪಕ್ಕದ ಯಂತ್ರದಲ್ಲಿ ಕುಳಿತಿದ್ದವನು ಯಾರೆಂದು ಓದುಗರು ಊಹಿಸಿರಬಹುದು. ನನಗೆ ತಡೆಯಲಾಗಲಿಲ್ಲ. “ಹೆಸರು ಸಾಲದೆಂದು ನಂಬರನ್ನೂ ಹಂಚಿಕೊಂಡೆಯೇನೋ?” ಎಂದುಬಿಟ್ಟೆ. ಅವನು ಮುಖ ಕೆಂಪಗೆ ಮಾಡಿಕೊಳ್ಳಲಿಲ್ಲ. “ನನ್ನದು 31. ಬೇಕಾದರೆ ನೋಡು” ಎಂದು ಪರದೆಯನ್ನು ನನ್ನತ್ತ ತಿರುಗಿಸಿದ. ನಿಜ, ಅವನ ಯಂತ್ರದ್ದು 192.168.1.31; ನನ್ನದು 192.168.1.25.

ಲ್ಯಾಬಿನ ಸಹಾಯಕರು ನಮ್ಮ ದನಿ ಕೇಳಿ ಬಂದರು. “ಬೈದಾಡಿದರೆ ಅದು ಸರಿಹೋಗೋದಿಲ್ಲ ಕಣಪ್ಪ, ಹುಡುಕಬೇಕು” ಎಂದು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತರು. ಅವರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

1981ರಲ್ಲಿ ನಿಯಮವಾಗಿ ಪ್ರಕಟವಾದ ಈ ವಿಳಾಸಪದ್ಧತಿಯಲ್ಲಿ 0ರಿಂದ 255ರವರೆಗಿನ ನಾಲ್ಕು ಸಂಖ್ಯೆಗಳು. ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಅಷ್ಟಿದ್ದರೂ ಜಗತ್ತಿಗೆ ಸಾಲದೆ, ಮನೆ ಕಚೇರಿಗಳ ಒಳಬಳಕೆಗೆಂದು ಕೆಲವನ್ನು 1996ರ ನಿಯಮದಲ್ಲಿ ಬೇರೆ ತೆಗೆದಿಟ್ಟರು. 192.168ರಿಂದ ಆರಂಭವಾಗುವವು ಅಂಥವು. ಸಾವಿರಾರು ಮನೆಗಳಲ್ಲಿ ಅದೇ ನಂಬರಿದ್ದರೂ ಜಗಳವಿಲ್ಲ, ಬೇರೆ ಬೇರೆ ಬೀದಿಗಳಲ್ಲಿ ಅದೇ ಮನೆ ನಂಬರು ಇದ್ದಂತೆ. ಒಂದೇ ಬೀದಿಯಲ್ಲಿ ಎರಡಾದರೆ ಮಾತ್ರ ತಕರಾರು. “ಇಪ್ಪತ್ತೈದು ಯಾರು?” ಎಂದು ರೌಟರ್ ಕೂಗಿದಾಗ ಇಬ್ಬರೂ ‘ಪ್ರೆಸೆಂಟ್ ಸಾರ್’ ಎನ್ನುತ್ತಾರೆ, ಕೊನೆಗೆ ಕೇಳಿದ ದನಿಯೇ ಅದರ ನೆನಪಿನಲ್ಲಿ ಉಳಿಯುತ್ತದೆ. ಹೀಗಾಗಿ ಒಬ್ಬರ ಪತ್ರ ಇನ್ನೊಬ್ಬರ ಬಾಗಿಲಿಗೆ ಹೋಗುತ್ತದೆ.

ಹುಡುಕುವ ಬಗೆ ಸರಳ. ಸಹಾಯಕರು ಮೊದಲು ನನ್ನ ಯಂತ್ರದ ಕೇಬಲನ್ನೇ ಕಿತ್ತರು. ಬಳಿಕ ನನ್ನ ಹೆಸರಿನವನ ಯಂತ್ರದಿಂದ 25ಕ್ಕೆ ‘ಪಿಂಗ್’ ಮಾಡಿಸಿದರು. ನಾನು ಜಾಲದಲ್ಲಿಲ್ಲ, ಆದರೂ ಉತ್ತರ ಬಂದಿತು! ಆ ಉತ್ತರ ಕೊಟ್ಟವರ ಮ್ಯಾಕ್ ವಿಳಾಸವನ್ನು ಎ.ಆರ್.ಪಿ. ಪಟ್ಟಿಯಲ್ಲಿ ನೋಡಿದರು. ಅದು ಯಂತ್ರ ತಯಾರಾಗುವಾಗಲೇ ಬರೆದ ಹನ್ನೆರಡು ಅಕ್ಷರಾಂಕಗಳ ಗುರುತು; ಮೊದಲ ಆರರಿಂದ ತಯಾರಿಸಿದವರು ಯಾರೆಂದು ತಿಳಿಯುತ್ತದೆ. ಹುಡುಕಿ ನೋಡಿದರೆ ಪ್ರಿಂಟರ್ ತಯಾರಿಸುವ ಕಂಪನಿ! ನಮ್ಮ ಕಾಲೇಜಿನಲ್ಲಿ ಜಾಲಕ್ಕೆ ಸೇರಿದ ಪ್ರಿಂಟರ್ ಇರುವುದು ಕಚೇರಿಯಲ್ಲಿ ಮಾತ್ರ, ಮತ್ತು ಕಚೇರಿಯ ಬಾಗಿಲು ತೆರೆಯುವುದು ಹತ್ತೂವರೆಗೆ.

ಮೂವರೂ ಕಚೇರಿಗೆ ಹೋದೆವು. ಪ್ರಿಂಟರಿನಿಂದ ಅದರ ವಿವರದ ಹಾಳೆ ತೆಗೆದು ತಾಳೆ ನೋಡಿದರೆ ಅಕ್ಷರಕ್ಕೆ ಅಕ್ಷರ ಸರಿ. ಹಿಂದೆಂದೋ ಯಾರೋ ಅದಕ್ಕೆ 25ನ್ನು ಕೈಯಿಂದಲೇ ಬರೆದು ಸ್ಥಿರಪಡಿಸಿದ್ದರು; ಆದರೆ ರೌಟರಿಗೆ ತಿಳಿಸಿರಲಿಲ್ಲ. ಈಚೆಗೆ ವಿದ್ಯುತ್ ಹೋಗಿ ಬಂದಾಗ ರೌಟರ್ ತನ್ನ ಹಂಚಿಕೆಯ ಲೆಕ್ಕವನ್ನು ಮರೆತಿತ್ತು. ಪ್ರಿಂಟರ್ ನಿದ್ದೆಯಲ್ಲಿದ್ದ ಬೆಳಗಿನ ಹೊತ್ತು 25 ಖಾಲಿಯೆಂದು ಭಾವಿಸಿ ಅದನ್ನು ನನ್ನ ಯಂತ್ರಕ್ಕೆ ಕೊಟ್ಟಿತು. ವಿಳಾಸ ಹಿಡಿಯುವ ಮುನ್ನ “ಇಲ್ಲಿ ಯಾರಾದರೂ ಇದ್ದೀರಾ?” ಎಂದು ಕೇಳಬೇಕೆಂಬ ನಿಯಮ 2008ರಲ್ಲಿ ಬಂದಿದೆಯಂತೆ, ನಮ್ಮ ಹಳೆಯ ಪ್ರಿಂಟರ್ ಕೇಳುವ ಪೈಕಿಯದಲ್ಲ.

ಸಹಾಯಕರು ರೌಟರ್ ಹಂಚುವ ಸಂಖ್ಯೆಗಳನ್ನು 100ರಿಂದ 200ಕ್ಕೆ ಮಿತಗೊಳಿಸಿದರು. ನನ್ನ ಯಂತ್ರಕ್ಕೆ 104 ದೊರೆಯಿತು. ಆ ಮಧ್ಯಾಹ್ನವೇ ಅರ್ಜಿ ಹೋಯಿತು.

ಪ್ರಿಂಟರಿನದು ತಪ್ಪಲ್ಲ, ಕಂಪ್ಯೂಟರಿನದೂ ತಪ್ಪಲ್ಲ. ಇಬ್ಬರಿಗೆ ಒಂದೇ ಗುರುತು ಕೊಟ್ಟು ಎಲ್ಲಿಯೂ ಬರೆದಿಡದಿದ್ದುದು ತಪ್ಪು. ಇದನ್ನು ಯಂತ್ರದ ವಿಷಯದಲ್ಲಿ ಅರ್ಧ ಗಂಟೆಯಲ್ಲಿ ಒಪ್ಪಿಕೊಂಡ ನಾನು, ಮನುಷ್ಯನ ವಿಷಯದಲ್ಲಿ ಒಂದು ವರ್ಷವಾದರೂ ಒಪ್ಪಿರಲಿಲ್ಲ. ಊರಿಗೆ ಹೋದವನು ತನ್ನ ಬಾಗಿಲಡಿ ಬಿದ್ದ ಪತ್ರವನ್ನು ಹೇಗೆ ತಾನೇ ಕಂಡಾನು?

ಸಂಜೆ ಕ್ಯಾಂಟೀನಿನಲ್ಲಿ ಅವನಿಗೆ ಚಹಾ ಕೊಡಿಸಿ, “ಆ ಪತ್ರದ ವಿಷಯ ಮರೆತುಬಿಡೋ” ಎಂದೆ. “ನಾನು ಮರೆತಿಲ್ಲ ಕಣೋ, ನಿನ್ನ ಹತ್ತಿರ ಹೇಗೆ ಮಾತೆತ್ತಲಿ ಅಂತ ಒಂದು ವರ್ಷ ಸುಮ್ಮನಿದ್ದೆ” ಎಂದ. ಮಾರನೆಯ ದಿನ ಇಬ್ಬರೂ ಸೇರಿ ವಾರ್ಡನ್ನರಿಗೆ ಅರ್ಜಿ ಕೊಟ್ಟೆವು. ಈಗ ಹಾಸ್ಟೆಲಿನ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ರಿಜಿಸ್ಟರ್ ನಂಬರೂ ಇದೆ, ಕೋಣೆಯ ನಂಬರೂ ಇದೆ.