ಐದು ಲಕ್ಷದ ಎಪ್ಪತ್ತೊಂದು ಸಾವಿರ ಚಿಲ್ಲರೆ

ಕಳೆದ ರಜೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ನಂಜನಗೂಡಿಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಕ್ಕನ ಮದುವೆ. ಲಗ್ನಪತ್ರಿಕೆ ಕವರ್‌ಗಳ ಮೇಲೆ ವಿಳಾಸ ಬರೆಯೋ ಕೆಲಸ ನಮ್ಮ ತಲೆಗೆ ಬಿತ್ತು.

"ನಮ್ಮೂರ ಪಿನ್ನು ಎಷ್ಟು ಬರೆದ್ರಪ್ಪಾ, ಓದಿ" ಅಂದ್ರು ಅಜ್ಜಿ.

"ಫೈವ್ ಸೆವೆನ್ ಒನ್ ತ್ರೀ ಜೀರೋ ಒನ್."

"ಹಂಗಲ್ಲ, ಕನ್ನಡದಲ್ಲಿ ಹೇಳಿ."

"ಐದು ಲಕ್ಷದ... ಎಂಬತ್ತೊಂದು ಸಾವಿರದ..."

"ಹತ್ತು ಸಾವಿರ ಎಲ್ಲಿಂದ ಬಂತ್ರೋ!" ಅಂತ ಅಜ್ಜಿ ನಕ್ಕುಬಿಟ್ಟರು.

ಎಪ್ಪತ್ತು, ಎಂಬತ್ತು ನಮಗೆ ಯಾವಾಗ್ಲೂ ಅದಲುಬದಲು. ಅಂಗಡಿಯವರು ರೇಟ್ ಹೇಳಿದಾಗ ಅರ್ಥ ಆಗದೆ ನೂರರ ನೋಟು ಕೊಟ್ಟು ಸುಮ್ಮನಾಗೋ ಇಂಗ್ಲಿಷ್ ಮೀಡಿಯಂ ಜನ ನಾವು. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದಿದ್ದ. ಸೆಕೆಂಡ್ ಇಯರ್ ಇಂಜಿನಿಯರಿಂಗ್‌ನಲ್ಲಿರೋ ನಾವು ಎಪ್ಪತ್ತೊಂದಕ್ಕೇ ತಡವರಿಸಿದ್ವಿ. ನಗು ಬಂದ ಹಾಗೆ ಮಾಡಿದ್ವಿ, ಆದ್ರೆ ಒಳಗೆ ಚುಚ್ಚಿತ್ತು.

ಆ ಅವಮಾನ ಮರೆಯೋಕೇ ಇರಬೇಕು, ಟಿ. ನರಸೀಪುರದ ನೆಂಟರಿಗೆ ಪತ್ರಿಕೆ ಕೊಡೋಕೆ ಬಸ್ ಹತ್ತಿದಾಗ ಬೆಟ್ಟಿಂಗ್ ಶುರುವಾಯ್ತು: 571301 ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲವೋ? ಫೋನ್ ಮುಟ್ಟೋ ಹಾಗಿಲ್ಲ. ಸೋತವರು ಕಬ್ಬಿನ ಹಾಲು ಕೊಡಿಸಬೇಕು. ಇಬ್ಬರು ಹೌದು ಅಂದ್ವಿ.

ಅಂಕಿಗಳನ್ನ ಕೂಡಿದ್ರೆ 17, ಹಾಗಾಗಿ 3ರಿಂದ ಭಾಗ ಹೋಗಲ್ಲ. 7ಕ್ಕೆ ಶೇಷ 3, 13ಕ್ಕೂ 3. 29ಕ್ಕೆ ಬರೀ 1 ಉಳಿದು ಆಸೆ ತೋರಿಸಿ ಕೈಕೊಟ್ಟಿತು. 197ಕ್ಕೂ ಅದೇ 1! ಆಮೇಲೆ ಹೊಳೀತು, 29 × 197 ಅಂದ್ರೆ 5713. ಅಂದ್ರೆ 571300 ಎರಡರಿಂದಲೂ ಪೂರ್ತಿ ಭಾಗ ಹೋಗುತ್ತೆ, ನಮ್ಮ ನಂಜನಗೂಡು ಒಂದೇ ಒಂದರಲ್ಲಿ ತಪ್ಪಿಸಿಕೊಂಡಿದೆ. ವರ್ಗಮೂಲ 755 ಚಿಲ್ಲರೆ. ಅಲ್ಲಿವರೆಗೆ 133 ಅವಿಭಾಜ್ಯ ಸಂಖ್ಯೆಗಳಿವೆ, ಯಾವುದೂ ಹೋಗದಿದ್ರೆ ಮಾತ್ರ ನಾವು ಗೆದ್ದ ಹಾಗೆ.

ನರಸೀಪುರದ 571124 ಮಾತ್ರ ಸಾಧು. ಮೊದಲು 4 ಹೋಯ್ತು, ಆಮೇಲೆ 71, ಉಳಿದದ್ದು 2011.

ರಾತ್ರಿ ಅಜ್ಜಿ ಮನೆ ಜಗಲಿ ಮೇಲೆ, ಪಟ್ಟಿಯ 118ನೇ ಸಂಖ್ಯೆಗೆ ನಂಜನಗೂಡು ಒಡೆಯಿತು: 647 × 883. ಎರಡೂ ಅವಿಭಾಜ್ಯ. ಕಬ್ಬಿನ ಹಾಲಿನ ದುಡ್ಡು ಹೋಯ್ತು. ಆದ್ರೆ ಆರ್‌ಎಸ್‌ಎ ಯಾಕೆ ಕೆಲಸ ಮಾಡುತ್ತೆ ಅಂತ ಕೈಗೆ ಗೊತ್ತಾಗಿದ್ದು ಅವತ್ತೇ. ಗುಣಿಸೋಕೆ ಒಂದು ನಿಮಿಷ, ಒಡೆಯೋಕೆ ಮೂರು ಜನರ ಇಡೀ ದಿನ. ಇದು ಆರೇ ಅಂಕಿ. 2048 ಬಿಟ್ ಕೀ ಅಂದ್ರೆ 617 ಅಂಕಿ.

ಕುಣಿದಾಡಿಕೊಂಡು ಅಜ್ಜಿಗೆ ಹೇಳಿದ್ವಿ: "ಆರುನೂರ ನಲವತ್ತೇಳನ್ನ ಎಂಟುನೂರ ಎಂಬತ್ಮೂರರಿಂದ ಗುಣಿಸಿದ್ರೆ ನಿಮ್ಮ ಪಿನ್ನು ಬರುತ್ತೆ ಅಜ್ಜೀ!"

"ಎಷ್ಟು ಬರುತ್ತೆ?"

"ಐದು ಲಕ್ಷದ..." ಮೂವರೂ ಮುಖ ನೋಡಿಕೊಂಡ್ವಿ. "ಎಪ್ಪತ್ತೊಂದು ಸಾವಿರದ ಮುನ್ನೂರ ಒಂದು."

"ಹ್ಞೂಂ" ಅಂದ ಅಜ್ಜಿ, ಮೈಸೂರಿನ ಕವರ್‌ಗಳ ಕಟ್ಟು ನಮ್ಮ ಕಡೆ ತಳ್ಳಿದ್ರು.